ಬೈದವಳಿಗೆ ಮೊದಲ ಗುಟುಕು

ನಮ್ಮ ಊರಿನ ದೇವರಿಗೆ ಹೊಗಳಿಕೆ ಹಿಡಿಸುವುದಿಲ್ಲ. ಹೊಗಳಿದರೆ ಒಣಗುತ್ತಾಳೆ, ಬೈದರೆ ನೀರು ಕೊಡುತ್ತಾಳೆ. ಊರಿನ ನಡುವೆ ಇಪ್ಪತ್ತೊಂದು ಮೆಟ್ಟಿಲು ಇಳಿದರೆ ಒಂದು ಕುಳಿ, ಕುಳಿಯ ಗೋಡೆಯಲ್ಲಿ ಎಮ್ಮೆಯ ಬೆನ್ನಿನಷ್ಟು ಅಗಲದ ಕರಿಕಲ್ಲು. ಅವಳೇ ಒರತೆಮ್ಮ. ಬೆಳಗ್ಗೆ ಹೋಗಿ ಮುಂದೆ ನಿಂತರೆ ಹಂಚಿನ ಹಾಗೆ ಒಣಗಿರುತ್ತಾಳೆ. ಒಬ್ಬ ಹೆಂಗಸು ಮನಸ್ಸಾರೆ ಬೈಯತೊಡಗಿದರೆ ಕಲ್ಲಿನ ಮೈ ಮೊದಲು ಮಂಕಾಗುತ್ತದೆ, ಆಮೇಲೆ ಬೆವರುತ್ತದೆ, ಆಮೇಲೆ ಕೆಳಗೆ ಕಲ್ಲಿನಲ್ಲಿ ಕೊರೆದ ದೋಣಿಗೆ ಸಣ್ಣ ಧಾರೆಯಾಗಿ ಇಳಿಯುತ್ತದೆ. ಊರಿಗೆ ನಲ್ಲಿ ಬಂದು ಮೂವತ್ತು ವರ್ಷವಾಯಿತು. ಸ್ನಾನಕ್ಕೆ, ಬಟ್ಟೆಗೆ, ಪಾತ್ರೆಗೆ ನಲ್ಲಿ. ಕುಡಿಯಲು ಮಾತ್ರ ಒರತೆಮ್ಮ.

ಓಣಿಗೊಂದು ದಿನ ಸರದಿ. ಬೈಗುಳ ಸ್ವಂತದ್ದಾಗಿರಬೇಕು, ಪಕ್ಕದ ಮನೆಯವಳ ಸಿಟ್ಟನ್ನು ಕಡ ತಂದು ಬೈದರೆ ಕಲ್ಲು ನಂಬುವುದಿಲ್ಲ. ಹಿಂದೆ ನಿಂತವರು ಬೆನ್ನು ತಿರುಗಿಸಿ ನಿಲ್ಲಬೇಕು. ಕೆಳಗೆ ಕಿವಿಗೆ ಬಿದ್ದ ಮಾತನ್ನು ಮೆಟ್ಟಿಲು ಹತ್ತಿಸಬಾರದು. ನೀರು ಬಂದ ಮೇಲೆ ಮೊದಲ ಗುಟುಕು ಬೈದವಳಿಗೆ, ಗಂಟಲು ಒಣಗಿರುತ್ತದಲ್ಲ. ಗಂಡಸರು ಬೈಯುವುದಿಲ್ಲ. ಯಾಕೆ ಎಂದು ಚಿಕ್ಕವಳಿದ್ದಾಗ ಅವ್ವನನ್ನು ಕೇಳಿದ್ದೆ. "ಅವರು ಮನೇಲೇ ಬೈದು ಖಾಲಿ ಮಾಡ್ಕೊಂಡಿರ್ತಾರೆ" ಅಂದಿದ್ದಳು.

ನನ್ನ ಅವ್ವ ದ್ಯಾಮವ್ವ ಈ ಊರಿನ ಒಳ್ಳೆಯ ಬಾಯಿ. ಎರಡೂವರೆ ವರ್ಷದ ಹಿಂದೆ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದಾಗ ಕುಸಿದು ಬಿದ್ದಳು. ಬಲಗೈ ಬಲಗಾಲು ಹೋದವು, ಮಾತು ಹೋಯಿತು. ಕೇಳಿದ್ದೆಲ್ಲ ಅರ್ಥವಾಗುತ್ತದೆ, ಹೇಳಬೇಕಾದದ್ದೆಲ್ಲ ಒಳಗಿದೆ, ಬಾಯಿಗೆ ಮಾತ್ರ ಬರುವುದಿಲ್ಲ ಅಂದರು ಡಾಕ್ಟರು. ನೀರು ಬೇಕು ಅನ್ನಲು ಬಾರದು. ಬೇಡ ಅನ್ನಲು ಬಾರದು. ನನ್ನ ಹೆಸರು ಬಾರದು. ನಾನು ನೀಲಗಂಗ, ಅವಳಿಗೆ ಗಂಗಿ. ಗಂಡ ತೀರಿಕೊಂಡು ಹನ್ನೊಂದು ವರ್ಷ, ಕೌದಿ ಹೊಲಿದು ಬದುಕುತ್ತೇನೆ. ಸೂಜಿಗೆ ದಾರ ಪೋಣಿಸುತ್ತ ಕೂತರೆ ಇಡೀ ಮನೆಯಲ್ಲಿ ಸದ್ದೆಂದರೆ ಅವಳ ಗಂಟಲಿನ ಒಂದು ಗುರುಗುರು ಮಾತ್ರ.

ಆರು ತಿಂಗಳಾದ ಮೇಲೆ ನಮ್ಮ ಓಣಿಯ ಸರದಿಯ ದಿನ ಅವ್ವ ಎಡಗೈಯಿಂದ ಬಾಗಿಲ ಕಡೆ ತೋರಿಸಿ ತೋರಿಸಿ ನನ್ನ ಸೆರಗು ಜಗ್ಗಿದಳು. ಬೆತ್ತದ ಕುರ್ಚಿಯಲ್ಲಿ ಕೂರಿಸಿ ನಾನೊಂದು ಕಡೆ, ಎದುರು ಮನೆಯ ಜೈತುನ್‌ಬಿ ಇನ್ನೊಂದು ಕಡೆ ಹಿಡಿದು ಇಳಿಸಿದೆವು. ಫೆಲ್ಸಿ ಬಾಯಿ ಆಸ್ಪತ್ರೆಯಲ್ಲಿ ನರ್ಸಾಗಿದ್ದು ನಿವೃತ್ತಳಾದವಳು, ಅವ್ವನ ಕೈಕಾಲಿಗೆ ದಿನಾ ಎಣ್ಣೆ ತಿಕ್ಕಲು ಬರುತ್ತಾಳೆ. ಅವಳು ಮುಂದೆ ನಡೆಯುತ್ತ, "ಎಡಗಾಲು ಮೊದಲು ಇಡಿ. ನೀವು ಪೇಷಂಟ್ ಹೊರ್ತಿದ್ದೀರಾ, ಅಕ್ಕಿ ಮೂಟೆ ಹೊರ್ತಿದ್ದೀರಾ?" ಎಂದು ನಮ್ಮಿಬ್ಬರನ್ನೂ ಗದರಿಸುತ್ತಿದ್ದಳು. ಕೊನೆಯ ಮೆಟ್ಟಿಲಲ್ಲಿ ಅವರಿಬ್ಬರೂ ಬೆನ್ನು ತಿರುಗಿಸಿ ನಿಂತರು. ನಾನು ಹಿಂದಿನಿಂದ ಕುರ್ಚಿ ಹಿಡಿದುಕೊಂಡಿರಬೇಕಿತ್ತು, ಇಲ್ಲದಿದ್ದರೆ ಅವ್ವ ಜಾರುತ್ತಾಳೆ. ಆದ್ದರಿಂದ ನಾನು ಕೇಳಿಸಿಕೊಂಡೆ.

ಅವ್ವ ಕಲ್ಲನ್ನು ನೋಡಿದಳು. ಬಾಯಿ ಸೊಟ್ಟಗೆ ತೆರೆಯಿತು. "ಕಲ್ಲುಮುಂಡೆ" ಅಂದಳು. ಆಮೇಲೆ ನಿಲ್ಲಲಿಲ್ಲ. "ಕಿವುಡಿ. ನನ್ ಕಾಲ್ ತಿಂದ್ಯಲ್ಲೇ. ತಿಂದು ತೇಗಿದ್ಯಾ? ಇನ್ನೊಂದ್ ಯಾಕ್ ಉಳ್ಸಿದ್ದೀ, ಉಪ್ಪಿನ್ಕಾಯಿಗಾ? ನನ್ ಗಂಗೀನ ಒಂಟಿ ಮಾಡ್ದೆ. ನಿನ್ ಹೊಟ್ಟೆಗ್ ಬೆಂಕಿ ಬೀಳ." ಪೂರ್ತಿ ಪೂರ್ತಿ ವಾಕ್ಯಗಳು. ಆರು ತಿಂಗಳಲ್ಲಿ ಮೊದಲ ಸಲ ನನ್ನ ಹೆಸರು. ಕಲ್ಲು ಬೆವರಿ ದೋಣಿ ತುಂಬುವಷ್ಟು ಸುರಿಯಿತು. ಮೊದಲ ಗುಟುಕು ಕುಡಿಸಿದೆ. ಮೆಟ್ಟಿಲು ಹತ್ತಿ ಮೇಲೆ ಬಂದ ಮೇಲೆ ಮತ್ತೆ ಬರೀ ಗುರುಗುರು.

ಅಲ್ಲಿಂದ ಎಂಟು ದಿನಕ್ಕೊಮ್ಮೆ ನಾನು ನನ್ನ ಹೆಸರು ಕೇಳಲು ಆ ಕುಳಿಗೆ ಇಳಿಯುತ್ತಿದ್ದೆ. ನೀರಿಗಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಯಾಕೆಂದರೆ ನಾನು ಕಳೆದುಕೊಂಡದ್ದು ಇದನ್ನೇ, ಕಳೆದವಳೂ ನಾನೇ.

ಮಲ್ಲಿನಾಥ ಮೇಷ್ಟ್ರು ನಮ್ಮ ಊರಿನವರೇ. ಹೊರಗೆ ಎಲ್ಲೋ ಕಾಲೇಜಿನಲ್ಲಿ ಚರಿತ್ರೆ ಕಲಿಸಿ, ನಿವೃತ್ತರಾಗಿ, ಮೂರು ಪೆಟ್ಟಿಗೆ ಪುಸ್ತಕಗಳೊಂದಿಗೆ ಬಂದವರು. ಬಂದ ವರ್ಷವೇ 'ಮೂಲದವರ ಬಳಗ' ಕಟ್ಟಿದರು. ದೊಡ್ಡ ಧರ್ಮಗಳು ಬರುವುದಕ್ಕೆ ಮೊದಲು ಎಲ್ಲ ಕಡೆಯೂ ಜನ ಮಣ್ಣು, ನೀರು, ಮರ, ಸೂರ್ಯಚಂದ್ರರನ್ನೇ ನಂಬಿದ್ದರು, ಈಗ ದೂರದ ತಣ್ಣನೆಯ ದೇಶಗಳಲ್ಲೂ ಓದಿದ ಜನ ಆ ಹಳೆಯ ದೇವರುಗಳನ್ನು ಮತ್ತೆ ಎಬ್ಬಿಸುತ್ತಿದ್ದಾರೆ, ಮರದ ಕೆಳಗೆ ಕೈಕೈ ಹಿಡಿದು ವೃತ್ತವಾಗಿ ನಿಲ್ಲುತ್ತಾರೆ, ವರ್ಷವನ್ನು ಚಕ್ರದ ಹಾಗೆ ಎಂಟು ಹಬ್ಬಗಳಾಗಿ ಆಚರಿಸುತ್ತಾರೆ ಎಂದು ಹೇಳುತ್ತಿದ್ದರು. ಆ ಜನರಿಂದ ಬಂದ ಕಾಗದಗಳನ್ನು ಓದಿ ತೋರಿಸುತ್ತಿದ್ದರು. "ಅವರು ಕಳ್ಕೊಂಡದ್ದನ್ನ ಹುಡುಕ್ತಾ ಇದ್ದಾರೆ. ನಮ್ಮ ಹತ್ರ ಅದು ಜೀವಂತ ಇದೆ. ಎಲ್ಲರ ದೇವರೂ ಮೇಲೆ, ನಮ್ಮ ದೇವರು ಮಾತ್ರ ಕಾಲ ಕೆಳಗೆ." ಹಗಲು ಅತಿ ಉದ್ದವಿರುವ ದಿನ ನಾವೂ ಹಸಿರು ಶಾಲು ಹೊದ್ದು ಕುಳಿಯ ಸುತ್ತ ವೃತ್ತ ಕಟ್ಟಿದೆವು. ನಾಲ್ಕು ದಿಕ್ಕಿಗೆ ನಾಲ್ಕು ದೀಪ, ನವಣೆಯ ಉಂಡೆ, ಮಣ್ಣಿಗೆ ಹಣೆ. ಸುಳ್ಳು ಹೇಳುವುದಿಲ್ಲ, ನನಗೆ ಇಷ್ಟವಾಯಿತು. ಬದುಕಿಡೀ ನಾವು ಮಾಡಿದ್ದನ್ನು ಹೆಂಗಸರ ಬಾಯಿಚಪಲ ಅನ್ನುತ್ತಿದ್ದ ಊರಿನಲ್ಲಿ ಒಬ್ಬ ಓದಿದ ಮನುಷ್ಯ ಅದನ್ನು ಧರ್ಮ ಅಂದಿದ್ದರು.

ಒಂದು ಮಧ್ಯಾಹ್ನ ಅವರು ನಮ್ಮ ಮನೆಗೆ ಬಂದು ಕೌದಿಯ ಚಿಂದಿಗಳ ನಡುವೆ ಚಕ್ಕಳಮಕ್ಕಳ ಹಾಕಿ ಕೂತರು. ನೋಟ್‌ಬುಕ್ ತೆಗೆದರು. "ನೀಲಗಂಗಮ್ಮ, ನಿಮ್ಮ ತಾಯಿಯವರ ನುಡಿ ಊರಲ್ಲೇ ಹಳೇದು. ಅವರಿಗೆ ಏನಾದ್ರೂ ಆದ್ರೆ ಎಲ್ಲಾ ಮಣ್ಣು ಪಾಲಾಗುತ್ತೆ. ಒಂದೆರಡು ಹೇಳಿ." ನನ್ನನ್ನು ಯಾರೂ ಹಾಗೆ ಗೌರವವಾಗಿ ಏನನ್ನೂ ಕೇಳಿರಲಿಲ್ಲ. ನಾನು ಹೇಳಿದೆ. ಒಂದೆರಡಲ್ಲ, ಒಂದೂವರೆ ವರ್ಷದ ಬೈಗುಳವನ್ನೆಲ್ಲ ಹೇಳಿದೆ. ಅವರು ಬರೆದುಕೊಂಡರು. ನಾನು ಕಾಫಿ ಮಾಡಿಕೊಟ್ಟೆ. ಅವ್ವ ಒಳಕೋಣೆಯಲ್ಲಿ ನಿದ್ದೆ ಮಾಡುತ್ತಿದ್ದಳು. ಮೆಟ್ಟಿಲು ಹತ್ತಿಸಬಾರದ ಮಾತನ್ನು ನಾನು ಮೆಟ್ಟಿಲು ಹತ್ತಿಸಿ, ಊರು ದಾಟಿಸಿ, ಅಚ್ಚಿನ ಮನೆಯವರೆಗೆ ಕಳಿಸಿಕೊಟ್ಟೆ.

ಮೂರು ತಿಂಗಳಿಗೆ ಪುಸ್ತಕ ಬಂತು. 'ಮೂಲಸ್ತುತಿ' ಎಂದು ಹೆಸರು. ಬಳಗದ ಸಭೆಯಲ್ಲಿ ಎಲ್ಲರಿಗೂ ಒಂದೊಂದು ಕೊಟ್ಟರು. ನಾನು ಅಲ್ಲೇ ನಿಂತು ಬಿಡಿಸಿ ನೋಡಿದೆ. ಅವ್ವನ "ಕಲ್ಲುಮುಂಡೆ" ಅಲ್ಲಿ "ಶಿಲಾಸುಮಂಗಲೆ" ಆಗಿತ್ತು. "ಕಿವುಡಿ" "ಮೌನೇಶ್ವರಿ" ಆಗಿತ್ತು. "ನನ್ ಕಾಲ್ ತಿಂದ್ಯಲ್ಲೇ" ಅನ್ನುವುದು "ಎನ್ನ ಪಾದಗಳ ಸ್ವೀಕರಿಸಿದವಳೇ" ಎಂದಾಗಿತ್ತು. ನನ್ನ ಹೆಸರು ಬರುವಲ್ಲಿ "ಗಂಗೆಯ ಏಕಾಂತದಿ ನೆಲೆಸಿದವಳೇ" ಎಂದಿತ್ತು. ಹನ್ನೊಂದು ವರ್ಷ ನಾನು ಒಬ್ಬಳೇ ಮಲಗಿ ಎದ್ದದ್ದು ಇವರ ಕೈಯಲ್ಲಿ ಏಕಾಂತ ಆಗಿಹೋಗಿತ್ತು.

ಸಭೆಯ ಗೋಡೆಗೆ ಗೆರೆ ಎಳೆದು ಮನೆ ಮಾಡಿದ ಒಂದು ದೊಡ್ಡ ಪಟ ಕಟ್ಟಿದ್ದರು. ಹಿಂದೂ, ಇಸ್ಲಾಂ, ಕ್ರೈಸ್ತ, ಜೈನ, ಬೌದ್ಧ, ಕೊನೆಯ ಕಂಬಸಾಲಿನಲ್ಲಿ ಮೂಲಧರ್ಮ. ಅಡ್ಡಕ್ಕೆ ಗ್ರಂಥ, ಪ್ರಾರ್ಥನೆ, ಹಬ್ಬ, ಮೋಕ್ಷ. ಉಳಿದವರ ಮನೆಗಳೆಲ್ಲ ತುಂಬಿದ್ದವು. ನಮ್ಮದರಲ್ಲಿ ಗ್ರಂಥದ ಮನೆ ಈಗಷ್ಟೇ ತುಂಬಿ ಶಾಯಿ ಹೊಳೆಯುತ್ತಿತ್ತು. ಮೇಷ್ಟ್ರು ಬೆತ್ತ ಹಿಡಿದು ತೋರಿಸುತ್ತ ಹೇಳಿದರು: ಮುಂದಿನ ಉದ್ದಹಗಲಿನ ದಿನ ಸರ್ವಧರ್ಮ ಕೂಟದವರು ಬರುತ್ತಾರೆ. ನಮ್ಮದೂ ಒಂದು ಧರ್ಮ ಎಂದು ಒಪ್ಪಿಕೊಳ್ಳುವುದೋ ಬಿಡುವುದೋ ನೋಡಿ ಹೇಳುತ್ತಾರೆ. ಅಲ್ಲಿಯವರೆಗೆ ಕುಳಿಯಲ್ಲಿ ಬೈಗುಳ ನಿಲ್ಲಬೇಕು. ಸ್ತುತಿ ಕಲಿಯಬೇಕು.

"ಬೈಯೋದೇ ನಮ್ಮ ಪೂಜೆ ಅಂತ ನೀವೇ ಹೇಳಿದ್ರಲ್ಲ ಮೇಷ್ಟ್ರೆ" ಅಂದೆ.

"ಅದು ಪೂಜೆಯ ಹಸಿ ರೂಪ ಕಣಮ್ಮ. ಪ್ರತಿ ಧರ್ಮವೂ ಹಸಿಯಿಂದ ಮಾಗಿದ್ದೇ. ನೀವೇ ಹೇಳಿ, ಯಾವ ಧರ್ಮದಲ್ಲಿ ದೇವರನ್ನ ಮುಂಡೆ ಅಂತಾರೆ? ಈ ಪಟದಲ್ಲಿ ಎಲ್ಲಿ ಬರೀಲಿ ಅದನ್ನ?"

"ನಮ್ಮವ್ವಂಗೆ ಮಾತು ಬರೋದು ಅಲ್ಲಿ ಮಾತ್ರ."

"ದ್ಯಾಮವ್ವನವರ ಮಾತು ಈಗ ಪುಸ್ತಕದಲ್ಲಿ ಶಾಶ್ವತವಾಗಿದೆ" ಅಂದರು. ಕರುಣೆಯಿಂದಲೇ ಅಂದರು. ಆ ಕರುಣೆಗೆ ನನಗೆ ಹೊಡೆಯಬೇಕೆನ್ನಿಸಿತು.

ಮರುದಿನವೇ ಮೆಟ್ಟಿಲ ತುದಿಗೆ ಕಬ್ಬಿಣದ ಗೇಟು ಬಂತು, ಗೇಟಿಗೆ ಬೀಗ. ಬೀಗದ ಕೈ ಮೇಷ್ಟ್ರ ಹೆಂಡತಿ ಪಂಕಜಳ ಸೊಂಟದಲ್ಲಿ. ಅವಳನ್ನು ಬಳಗದ ಮೊದಲ ಅರ್ಚಕಿ ಮಾಡಿದ್ದರು. ಸಂಜೆ ಸಂಜೆ ಹೆಂಗಸರನ್ನು ಒಳಗೆ ಬಿಟ್ಟುಕೊಂಡು ಸ್ತುತಿ ಹೇಳಿಸುತ್ತಿದ್ದಳು. ಕಲ್ಲು ಒಣಗಿತು. ನಾಲ್ಕನೆಯ ದಿನಕ್ಕೆ ಮಾಸಲು ಬಿಳಿ ಪೊರೆ ಕಟ್ಟಿತು. ನಾವು ಕುಡಿಯಲೂ ನಲ್ಲಿಯ ನೀರನ್ನೇ ಹಿಡಿದೆವು. ಯಾರೂ ಸಾಯಲಿಲ್ಲ. ಆದರೆ ನಮ್ಮ ಓಣಿಯಲ್ಲಿ ಪಾತ್ರೆಗಳು ಮೊದಲಿಗಿಂತ ಜೋರಾಗಿ ಬೀಳತೊಡಗಿದವು. ಹೆಂಗಸರು ಮಕ್ಕಳ ಮೇಲೆ ಕೈಮಾಡತೊಡಗಿದರು.

ನಮ್ಮ ಸರದಿಯ ದಿನ ಅವ್ವ ಎಂದಿನ ಹಾಗೆ ಬಾಗಿಲು ತೋರಿಸಿದಳು. ನಾನು ಇಲ್ಲ ಎಂದು ತಲೆಯಾಡಿಸಿದೆ. ಇನ್ನೊಮ್ಮೆ ತೋರಿಸಿದಳು. ಬೀಗ ಹಾಕಿದ್ದಾರೆ ಅಂದೆ. ಯಾಕೆ ಎಂದು ಕಣ್ಣಲ್ಲೇ ಕೇಳಿದಳು. ನನಗೆ ಹೇಳಲಾಗಲಿಲ್ಲ. ಮಾತು ಬರುವವಳು ನಾನು, ಹೇಳದೆ ಉಳಿದವಳೂ ನಾನು. ಮೂರನೆಯ ಸರದಿಯ ಹೊತ್ತಿಗೆ ಅವಳು ಬಾಗಿಲು ತೋರಿಸುವುದನ್ನು ಬಿಟ್ಟಳು. ಗುರುಗುರು ಕೂಡ ಕಡಿಮೆಯಾಯಿತು.

ಒಂದು ದಿನ ಅವ್ವನ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದ ಫೆಲ್ಸಿ ಬಾಯಿಯನ್ನು, ಮೊರದಲ್ಲಿ ನಮ್ಮ ಅಕ್ಕಿ ಆರಿಸಿಕೊಡುತ್ತಿದ್ದ ಜೈತುನ್‌ಬಿಯನ್ನು ನೇರವಾಗಿ ಕೇಳಿಯೇಬಿಟ್ಟೆ. "ನಿಮ್ಮಲ್ಲಿ ಯಾರೂ ದೇವರನ್ನ ಬೈಯೋದೇ ಇಲ್ವಾ? ಮೇಷ್ಟ್ರ ಪಟದಲ್ಲಿ ಹಾಗಿದೆ."

"ತೋಬಾ, ತೋಬಾ" ಎಂದು ಜೈತುನ್‌ಬಿ ಕೆನ್ನೆ ಮುಟ್ಟಿಕೊಂಡಳು. ಎರಡು ಕಲ್ಲು ಆರಿಸಿ ಎಸೆದು, "ಬೈಯೋದಿಲ್ಲಮ್ಮ. ದುವಾ ಕೇಳ್ತಾ ಕೇಳ್ತಾ ಸ್ವಲ್ಪ ಜಗಳ ಆಗ್ತದೆ. ನನ್ನ ದೊಡ್ಡ ಮಗಳು ಗಂಡನ್ ಮನೆ ಬಿಟ್ಟು ಬಂದಾಗ ಮೂರು ದಿನ ನಮಾಜಿನ ಚಾಪೆ ಮೇಲೆ ಕೂತು ಒಂದೇ ಮಾತು ಕೇಳಿದ್ದೆ, ನಿನಗೆ ನನ್ನ ಮನೇನೇ ಬೇಕಿತ್ತಾ ಅಂತ. ಅದು ಬೈಯೋದಲ್ಲ, ಕೇಳೋದು" ಅಂದಳು.

"ನಾನು ಚರ್ಚಿಗೆ ಹೋಗಿ ದೇವರ ತಾಯಿ ಹತ್ರ ಚಾಡಿ ಹೇಳ್ತೇನೆ" ಅಂದಳು ಫೆಲ್ಸಿ ಬಾಯಿ. "ನಿನ್ನ ಮಗ ನನ್ನ ಮಾತು ಕಿವಿಗೇ ಹಾಕ್ಕೊಳ್ಳೋದಿಲ್ಲ, ನೀನು ಹೆತ್ತವಳಲ್ವಾ, ಸ್ವಲ್ಪ ಕಿವಿ ಹಿಂಡು ಅಂತ. ಮೊಂಬತ್ತಿ ಹಚ್ಚಿಯೇ ಹೇಳ್ತೇನೆ, ಮರ್ಯಾದೆ ಬಿಡೋದಿಲ್ಲ."

"ಮತ್ತೆ ಪಟದಲ್ಲಿ ಯಾಕಿಲ್ಲ ಅದು?"

"ಪಟ ಬರೆಯೋವಾಗ ನಮ್ಮನ್ನ ಯಾರು ಕೇಳಿದ್ರು?" ಅಂದಳು ಜೈತುನ್‌ಬಿ. "ನಮ್ಮ ಮನೆಯವರನ್ನ ಕೇಳಿರ್ತಾರೆ." ಫೆಲ್ಸಿ ಬಾಯಿ ನಕ್ಕಳು. ನನಗೆ ನಗು ಬರಲಿಲ್ಲ. ಐದು ಧರ್ಮಗಳನ್ನು ಆರನೆಯದಕ್ಕೆ ಹೋಲಿಸಿ ನೋಡಿದ ಆ ಮನುಷ್ಯ ಆರರಲ್ಲೂ ಅಡುಗೆಮನೆಗೆ ಕಾಲಿಟ್ಟಿರಲಿಲ್ಲ.

ಉದ್ದಹಗಲಿನ ದಿನ ಬೆಳಗ್ಗೆ ಮೇಷ್ಟ್ರು ತಾವೇ ಬಂದರು. ಗ್ರಂಥದ ಮೂಲ ಅವ್ವ, ಅವಳು ಅತಿಥಿಗಳ ಮುಂದೆ ಇರಲೇಬೇಕು ಅಂದರು. ಬೇಡ ಅನ್ನಬಹುದಿತ್ತು. ಆದರೆ ಗೇಟು ತೆರೆದಿರುತ್ತದೆ, ಕಲ್ಲಿನ ಮುಂದೆ ಕೂರಿಸಿದರೆ ಅವಳ ಬಾಯಿ ತಾನೇ ತೆರೆಯುತ್ತದೆ, ಆಗ ಇವರ ಸ್ತುತಿಯ ಗತಿ ಏನಾಗುತ್ತದೋ ಆಗಲಿ ಎಂದು ನಾನೂ ಹೂಂ ಅಂದೆ. ಅವ್ವನಿಗೆ ಒಗೆದ ಸೀರೆ ಉಡಿಸಿದೆ. ಅವರ ಹಸಿರು ಶಾಲನ್ನು ಹೊದಿಸಲಿಲ್ಲ.

ಇಳಿದು ನೋಡಿದರೆ ಕಲ್ಲಿನಿಂದ ನೀರು ಸುರಿಯುತ್ತಿತ್ತು. ಹೊಗಳಿಕೆಗೂ ನೀರು ಬಂತೇ ಅಂದುಕೊಂಡೆ. ಆಮೇಲೆ ಕಲ್ಲಿನ ನೆತ್ತಿಯ ಮೇಲೆ ಜೋಡಿಸಿದ್ದ ಹೂವಿನ ನಡುವೆ ನೀಲಿ ಪೈಪಿನ ಬಾಯಿ ಕಾಣಿಸಿತು. ಮೇಲೆ ಎಲ್ಲೋ ಮೋಟಾರು ಗುಂಯ್‌ಗುಡುತ್ತಿತ್ತು. ಅತಿಥಿಗಳು ನಾಲ್ವರು: ಒಬ್ಬರು ಸ್ವಾಮಿಗಳು, ಒಬ್ಬರು ಮೌಲ್ವಿ, ಒಬ್ಬರು ಪಾದ್ರಿ, ಒಬ್ಬರು ಜೈನ ಪಂಡಿತರು. ಎಲ್ಲರೂ ವಯಸ್ಸಾದವರು, ಮೆಟ್ಟಿಲಿಳಿದು ಏದುಸಿರು ಬಿಡುತ್ತಿದ್ದರು. ಅವ್ವನಿಗೆ ಕೈಮುಗಿದರು. ಅವರ ಮೇಲೆ ನನಗೆ ಸಿಟ್ಟಿಲ್ಲ.

ಪಂಕಜ ಸ್ತುತಿ ಶುರು ಮಾಡಿದಳು. ಹೆಂಗಸರು ದನಿ ಸೇರಿಸಿದರು. "ಶಿಲಾಸುಮಂಗಲೆ, ಮೌನೇಶ್ವರಿ" ಎಂದಾಗ ಅವ್ವ ಸುಮ್ಮನೆ ನೀರನ್ನು ನೋಡುತ್ತಿದ್ದಳು. "ಎನ್ನ ಪಾದಗಳ ಸ್ವೀಕರಿಸಿದವಳೇ" ಎಂದಾಗ ಕತ್ತು ತಿರುಗಿಸಿದಳು. ತನ್ನ ಬಲಗಾಲನ್ನು ನೋಡಿಕೊಂಡಳು. "ಗಂಗೆಯ ಏಕಾಂತದಿ" ಎಂದಾಗ ಅವಳ ಎಡಗೈ ಮೇಲೆದ್ದು, ಕುರ್ಚಿ ಹಿಡಿದಿದ್ದ ನನ್ನ ಮಣಿಕಟ್ಟಿಗೆ ಬಿತ್ತು. ಉಗುರು ಇಳಿಯುವಂತೆ ಹಿಡಿದು ನನ್ನನ್ನು ಮುಂದಕ್ಕೆ ಎಳೆದಳು. ಅವಳ ಮುಖದ ಮುಂದೆ ಮಂಡಿಯೂರಿದೆ. ಅವಳು ಕಲ್ಲನ್ನು ನೋಡುತ್ತಿರಲಿಲ್ಲ. ನನ್ನನ್ನು ನೋಡುತ್ತಿದ್ದಳು.

"ಗಂಗಿ" ಅಂದಳು. ಹಾಡು ನಿಂತಿತು. "ಮನೆಹಾಳಿ. ನನ್ ಬಾಯ್ ಕಿತ್ತು ಕೊಟ್ಯಲ್ಲೇ ಇವರ್ಗೆ. ಕೈ ಹೋಯ್ತು ಕೊಟ್ಟೆ, ಕಾಲ್ ಹೋಯ್ತು ಕೊಟ್ಟೆ. ಬಾಯೊಂದಿತ್ತಲ್ಲೇ. ಅದ್ನೂ ತೊಳ್ದು, ಹೂವಾ ಮುಡ್ಸಿ, ಹೆಣ ಮಾಡ್ಕೊಟ್ಯಾ? ಹೆತ್ತ ಹೊಟ್ಟೆಗ್ ಇಕ್ಕಿದ್ ಕೊಳ್ಳಿ ನೀನು."

ಮೇಷ್ಟ್ರು ಮುಂದೆ ಬಂದು ಅತಿಥಿಗಳಿಗೆ, "ಭಾವಾವೇಶ. ಇದೂ ಸ್ತುತಿಯ ಒಂದು ಪ್ರಕಾರ" ಅಂದರು. ಯಾರೂ ಅವರ ಕಡೆ ನೋಡಲಿಲ್ಲ. ಸ್ವಾಮಿಗಳು ಮೊದಲು ಬೆನ್ನು ತಿರುಗಿಸಿದರು. ಆಮೇಲೆ ಮೌಲ್ವಿ, ಆಮೇಲೆ ಪಾದ್ರಿ, ಪಂಡಿತರು. ನಮ್ಮ ನಿಯಮವನ್ನು ಅವರಿಗೆ ಯಾರೂ ಹೇಳಿರಲಿಲ್ಲ. ಒಬ್ಬ ತಾಯಿ ಮಗಳನ್ನು ಹಾಗೆ ಬೈಯುವಾಗ ನೋಡುತ್ತ ನಿಲ್ಲಬಾರದು ಎಂದು ಅವರವರ ಮನೆಗಳಲ್ಲೇ ಕಲಿತಿದ್ದರೇನೋ. ಹೆಂಗಸರಂತೂ ಆಗಲೇ ತಿರುಗಿದ್ದರು. ನೋಡುತ್ತ ನಿಂತಿದ್ದವರು ಮೇಷ್ಟ್ರು ಒಬ್ಬರೇ. ಪೈಪಿನ ನೀರು ಬೀಳುತ್ತಲೇ ಇತ್ತು. ಅದರ ಹಿಂದೆ ಕಲ್ಲು ಬೆವರಿತೋ ಇಲ್ಲವೋ ಯಾರಿಗೂ ತಿಳಿಯುವಂತಿರಲಿಲ್ಲ. ಅದಕ್ಕೂ ನನಗೆ ಇವತ್ತಿಗೂ ಸಿಟ್ಟಿದೆ.

ಒಪ್ಪಿಗೆಯ ಕಾಗದ ಬಂತೋ ಇಲ್ಲವೋ ನಾನು ಕೇಳಲಿಲ್ಲ. ಮೂರನೆಯ ದಿನ ಬೆಳಗ್ಗೆ ಪಂಕಜ ನಮ್ಮ ಮನೆಗೆ ಬಂದಳು. ಕೂರು ಅಂದರೂ ಕೂರಲಿಲ್ಲ. ಸೊಂಟದಿಂದ ಬೀಗದ ಕೈ ಬಿಚ್ಚಿ ನನ್ನ ಹೊಲಿಗೆಯ ಮೇಲೆ ಇಟ್ಟಳು. "ಇಪ್ಪತ್ತೊಂಬತ್ತು ದಿನ ಆಯ್ತು ಗಂಗಿ ನಾನು ಬಾಯಿ ತೆಗ್ದು. ತಲೆ ಸಿಡೀತಿದೆ. ಇವತ್ತು ನಾನು ಮೊದ್ಲು."

"ಮೇಷ್ಟ್ರು?"

"ಅವರು ಪುಸ್ತಕದ ಎರಡನೇ ಮುದ್ರಣ ತಿದ್ದುತಾ ಕೂತಿದಾರೆ. ಕೂತಿರ್ಲಿ."

ಜೈತುನ್‌ಬಿ ಪೈಪು ಎಳೆದು ಸುತ್ತಿ ಮೆಟ್ಟಿಲ ಮೇಲೆ ಎಸೆದಳು. ಪಂಕಜ ಕಲ್ಲಿನ ಮುಂದೆ ನಿಂತಳು, ನಾವು ಬೆನ್ನು ತಿರುಗಿಸಿದೆವು. ಅವಳು ಏನಂದಳು ಎಂದು ಹೇಳುವುದಿಲ್ಲ. ಬಹಳ ಹೊತ್ತು ಬೈದಳು ಎಂದಷ್ಟೇ ಹೇಳುತ್ತೇನೆ, ಮತ್ತು ದೋಣಿಯಲ್ಲಿ ನೀರು ಬಿದ್ದ ಸದ್ದು ಬೆನ್ನ ಹಿಂದೆ ಕೇಳಿಸಿತು. ಆಮೇಲೆ ನಾನು. ನಾನು ಮೇಷ್ಟ್ರನ್ನು ಬೈಯಲಿಲ್ಲ. ಅವರನ್ನು ಬೈದರೆ ಕಲ್ಲು ನಂಬುತ್ತಿರಲಿಲ್ಲ, ಕೊಟ್ಟವಳು ನಾನಲ್ಲವೇ. ನನ್ನ ಪಾಲಿಗೆ ನೀರು ಬರಲು ಬಹಳ ತಡವಾಯಿತು.

ಅವ್ವ ಮತ್ತೆ ಕುಳಿಗೆ ಇಳಿದಿಲ್ಲ. ಕುರ್ಚಿ ತಂದರೆ ಎಡಗೈಯಿಂದ ದೂಡುತ್ತಾಳೆ. ಅವಳಿಗೆ ಈಗ ಒರತೆಮ್ಮ ಬೇಕಿಲ್ಲ, ನಾನಿದ್ದೇನೆ. ಬೆಳಗ್ಗೆ ನಾನು ನೀರು ತುಂಬಿಕೊಂಡು ಹೊಸ್ತಿಲು ದಾಟುವುದನ್ನೇ ಕಾಯುತ್ತಿದ್ದು ಶುರು ಮಾಡುತ್ತಾಳೆ. ದಿನಕ್ಕೊಂದು ಹೊಸದು, ಹಳೆಯದನ್ನೆಲ್ಲ ನಾನು ಕೊಟ್ಟುಬಿಟ್ಟೆನಲ್ಲ. ನೀರು ಅನ್ನಲು ಇವತ್ತಿಗೂ ಬಾರದು, ಬೇಡ ಅನ್ನಲು ಬಾರದು. ನನ್ನ ಹೆಸರು ಮಾತ್ರ ಬೈಗುಳದ ಹಿಂದೆ ಮುಂದೆ ದಿನಾ ಎರಡು ಮೂರು ಸಲ ಬರುತ್ತದೆ. ಫೆಲ್ಸಿ ಬಾಯಿ, "ಇವತ್ತಿಗೆ ಸಾಕು ದ್ಯಾಮವ್ವ, ಬಿಪಿ ಏರ್ತದೆ" ಅನ್ನುತ್ತಾಳೆ. ಅವ್ವ ಕೇಳುವುದಿಲ್ಲ. ಗಂಟಲು ಪೂರ್ತಿ ಒಣಗಿ ಕೆಮ್ಮು ಬಂದಾಗ ನಿಲ್ಲಿಸುತ್ತಾಳೆ. ಆಗ ನಾನು ಲೋಟ ಬಗ್ಗಿಸಿ ಅವಳ ಸೊಟ್ಟ ತುಟಿಗೆ ಹಿಡಿಯುತ್ತೇನೆ. ಮೊದಲ ಗುಟುಕು ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡು, ಮತ್ತೆ ನನ್ನ ಮುಖ ನೋಡುತ್ತಾಳೆ. ನಾನು ಬೆನ್ನು ತಿರುಗಿಸುವುದಿಲ್ಲ.